ಮನೆಯ ಕಲೆ: ಬಾಲ್ ಪೆನ್ನಿನ ಚಿತ್ರವೂ ಬಿಸಿಲೂ

ರಾಮದುರ್ಗ ತಾಲೂಕಿನ ಒಬ್ಬ ಸೋದರಿಯವರು ಈ ಪುಟಕ್ಕೆ ಪತ್ರವೊಂದನ್ನು ಬರೆದಿರುವರು. ಅವರದು ನೇಕಾರರ ಮನೆತನ. ಒಂಬತ್ತನೆಯ ಇಯತ್ತೆಯಲ್ಲಿ ಓದುವ ಅವರ ಮಗನಿಗೆ ಬಾಲ್ ಪೆನ್ನಿನಿಂದ ಚಿತ್ರ ತೆಗೆಯುವ ಹವ್ಯಾಸ ಹತ್ತಿರುವದು. ಅಭ್ಯಾಸದ ವಹಿಗಳ ಹಿಂಬದಿಯಲ್ಲೆಲ್ಲ ಮಗ್ಗ, ಎತ್ತು, ಮಲಪ್ರಭೆಯ ದಂಡೆ, ಗೊಡಚಿಯ ಜಾತ್ರೆಯ ತೇರು ತುಂಬಿಹೋಗಿವೆಯಂತೆ. "ಇಷ್ಟು ದಿನ ಬೈಯುತ್ತಿದ್ದೆನು, ಈಗ ಬೈಯಲು ಮನಸ್ಸಾಗುವದಿಲ್ಲ. ಅಜ್ಜಿಯ ಚಿತ್ರವನ್ನು ದೊಡ್ಡ ಹಾಳೆಯ ಮೇಲೆ ತೆಗೆಯುವೆನೆಂದು ಹಟ ಹಿಡಿದಿರುವನು. ನಮ್ಮ ಅತ್ತೆಯವರಿಗೆ ಎಂಬತ್ತು ದಾಟಿತು. ಚಿತ್ರವು ಮನೆಯಲ್ಲಿ ಬಹುಕಾಲ ಉಳಿಯಬೇಕು. ಯಾವ ಪೆನ್ನು, ಯಾವ ಶಾಯಿ ಕೊಡಿಸಲಿ?" ಎಂದು ಅವರು ಕೇಳಿರುವರು.

ಪೆನ್ನು ಯಾವದೆಂದು ಹೇಳುವದು ಕಠಿಣವಲ್ಲ. ಆದರೆ "ಬಹುಕಾಲ ಉಳಿಯಬೇಕು" ಎಂಬ ಮಾತು ಇದೆಯಲ್ಲ, ಅದಕ್ಕಾಗಿ ಈ ತಿಂಗಳ ಪುಟವನ್ನೆಲ್ಲ ಮೀಸಲಿಡಬೇಕಾಗಿರುವದು. ಏಕೆಂದರೆ ಆ ಮಾತಿನ ಬೆಲೆಯನ್ನು ನಮ್ಮ ಮನೆಯವರು ತಡವಾಗಿ ತಿಳಿದುಕೊಂಡರು.

1994ರ ಬೇಸಿಗೆ. ಬೈಲಹೊಂಗಲದ ನಮ್ಮ ಮನೆಯ ಪಡಸಾಲೆಯಲ್ಲಿ ತಾಯಿಯವರು ಮೊರವನ್ನು ಮುಂದಿಟ್ಟುಕೊಂಡು ಜೋಳ ಹಸನು ಮಾಡುತ್ತ ಕುಳಿತಿದ್ದರು. ನನ್ನ ತಮ್ಮನು ಒಂದು ನೀಲಿ ಬಾಲ್ ಪೆನ್ನಿನಿಂದ ಒಂದೇ ವಾರದಲ್ಲಿ ಅವರ ಎರಡು ಚಿತ್ರಗಳನ್ನು ತೆಗೆದನು. ಮೊದಲನೆಯದು ಅವನ ಮನಸ್ಸಿಗೆ ಬರಲಿಲ್ಲ. ಅದನ್ನು ಅಜ್ಜನ ಹಳೆಯ ಕಿರ್ದಿ ವಹಿಯ ನಡುವೆ ಸೇರಿಸಿ ಟ್ರಂಕಿನಲ್ಲಿ ಹಾಕಿಬಿಟ್ಟನು. ಎರಡನೆಯದು ಬಹಳ ಚೆನ್ನಾಗಿ ಬಂದಿತು. ಅದಕ್ಕೆ ಚೌಕಟ್ಟು ಹಾಕಿಸಿ, ಮೂಡಣ ಬಾಗಿಲಿಗೆ ಎದುರಾಗಿ ಗೋಡೆಗೆ ತೂಗಹಾಕಿದೆವು. "ನನ್ನ ಮಾರಿ ಇಷ್ಟ ಚಂದ ಐತೇನೋ?" ಎಂದು ತಾಯಿಯವರು ನಕ್ಕದ್ದು ಇನ್ನೂ ಕಿವಿಯಲ್ಲಿದೆ. ದಿನಾಲು ಮುಂಜಾನೆ ಎಳೆಬಿಸಿಲು ಹೊಸ್ತಿಲು ದಾಟಿ ಆ ಚಿತ್ರದ ಮೇಲೆ ಬೀಳುತ್ತಿತ್ತು. ಅದನ್ನು ನಾವು ಶೋಭೆಯೆಂದೇ ತಿಳಿದೆವು.

2006ರಲ್ಲಿ ತಾಯಿಯವರು ತೀರಿಕೊಂಡರು. ಹೂವಿನ ಮಾಲೆ ಹಾಕಬೇಕೆಂದು ಚಿತ್ರವನ್ನು ಗೋಡೆಯಿಂದ ಇಳಿಸಿ ಕೈಯಲ್ಲಿ ಹಿಡಿದಾಗ ನಮಗೆ ಗಾಬರಿಯಾಯಿತು. ಮುಖವು ಮಂಜಿನಲ್ಲಿ ನಿಂತವರ ಮುಖದಂತೆ ಆಗಿತ್ತು. ಕಣ್ಣಿನ ಕೆಳಗಿನ ನೆರಿಗೆ, ಸೆರಗಿನ ನೆರಳು, ಮೊರದ ಹೆಣಿಗೆ, ಎಲ್ಲವೂ ಹೋಗಿ ತಿಳಿನೀಲಿಯ ಕಲೆ ಮಾತ್ರ ಉಳಿದಿತ್ತು. ಹಾಳೆಯನ್ನು ಓರೆಯಾಗಿ ಹಿಡಿದರೆ ಪೆನ್ನು ಒತ್ತಿದ ತಗ್ಗುಗಳು ಕಾಣುತ್ತಿದ್ದವು, ಶಾಯಿ ಇರಲಿಲ್ಲ. ಹನ್ನೆರಡು ವರ್ಷ ದಿನಾಲು ನೋಡುತ್ತಿದ್ದ ನಮ್ಮಲ್ಲಿ ಒಬ್ಬರಿಗೂ ಅದು ತಿಳಿದಿರಲಿಲ್ಲ; ದಿನಕ್ಕೆ ಕೂದಲೆಳೆಯಷ್ಟು ಹೋಗುವದು ಯಾರ ಕಣ್ಣಿಗೆ ಬೀಳಬೇಕು?

ಕೆಲವು ತಿಂಗಳ ಮೇಲೆ ಟ್ರಂಕು ತೆಗೆದಾಗ ಕಿರ್ದಿಯೊಳಗಿನ ಮೊದಲನೆಯ ಚಿತ್ರವು ಸಿಕ್ಕಿತು. ನಿನ್ನೆ ತೆಗೆದಂತೆ ಇತ್ತು. ಅದೇ ಪೆನ್ನು, ಅದೇ ಹಾಳೆ, ಅದೇ ಕೈ, ಅದೇ ವಾರ. ಅದರ ಎರಡೂ ಮಗ್ಗುಲಿಗೆ, ಹತ್ತಿಯ ಅಡತಿ ನಡೆಸಿದ ಅಜ್ಜನವರು ಟಾಕಿನಿಂದ ಬರೆದ ಲೆಕ್ಕಗಳು ಕಾಡಿಗೆಯಂತೆ ಕಪ್ಪಾಗಿದ್ದವು. ಪೆನ್ನಿನ ಚಿತ್ರದ ವಿಷಯದಲ್ಲಿ ನಾನು ಕಲಿತ ಪಾಠವೆಲ್ಲ ಆ ಟ್ರಂಕಿನ ಮುಂದೆ ಕುಳಿತು ಕಲಿತದ್ದು.

ಶಾಯಿಯ ಗುಣ

ಅಜ್ಜನವರ ಶಾಯಿಯು ಮನೆಯಲ್ಲಿ ಮಾಡಿದ್ದು. ಎಣ್ಣೆಯ ದೀಪದ ಮೇಲೆ ಹಿಡಿದ ಕಾಡಿಗೆಯನ್ನು ಜಾಲಿಯ ಅಂಟಿನ ನೀರಿನಲ್ಲಿ ಅರೆದು ದೌತಿಯಲ್ಲಿ ತುಂಬುತ್ತಿದ್ದರು. ಕಾಡಿಗೆಯೆಂದರೆ ಇಂಗಾಲ; ಅದನ್ನು ಬಿಸಿಲು ಏನೂ ಮಾಡಲಾರದು. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಸೇರಿಸಿ ಮಾಡುವ ಇನ್ನೊಂದು ತರದ ಶಾಯಿಯೂ ನಮ್ಮಲ್ಲಿ ಇದ್ದಿತು. ಅದು ಕಾಗದದ ಎಳೆಯಲ್ಲಿ ಕಚ್ಚಿಕೊಂಡು ಒಣಗಿದಂತೆ ಕಪ್ಪಾಗುವದು. ಲೆಕ್ಕದ ಕಡತಕ್ಕಂತೂ ಶಾಯಿಯೇ ಬೇಕಿರಲಿಲ್ಲ. ಹುಣಸೆಬೀಜದ ಸರಿಯನ್ನೂ ಇದ್ದಲಿಯನ್ನೂ ಬಳಿದ ಅರಿವೆಯ ಮೇಲೆ ಬಳಪದಿಂದ ಬರೆಯುತ್ತಿದ್ದರು.

ಬಾಲ್ ಪೆನ್ನಿನ ಶಾಯಿಯ ಕುಲವೇ ಬೇರೆ. ಪೆನ್ನಿನ ಮೊನೆಯಲ್ಲಿ ಸಾಸಿವೆಗಿಂತ ಸಣ್ಣದಾದ ಗುಂಡೊಂದು ಹಿತ್ತಾಳೆಯಂಥ ಲೋಹದ ಗೂಡಿನಲ್ಲಿ ಉರುಳುತ್ತಿರುವದು. ಈಗಿನ ಗುಂಡುಗಳು ಬಹುತರ ಟಂಗ್‌ಸ್ಟನ್ ಕಾರ್ಬೈಡ್ ಎಂಬ ಅತಿ ಗಟ್ಟಿಯಾದ ಪದಾರ್ಥದವು. ಗುಂಡಿಗೂ ಗೂಡಿಗೂ ನಡುವೆ ಇರುವ ಸಂದು ಬಲು ಕಿರಿದು. ಆ ಸಂದಿನಲ್ಲಿ ಹರಿಯಬೇಕಾದರೆ ಶಾಯಿಯು ಜೇನಿನಂತೆ ಮಂದವಾಗಿಯೂ ಗಸಿಯಿಲ್ಲದೆ ನುಣ್ಣಗೂ ಇರಬೇಕು. ಆದಕಾರಣ ಅದರಲ್ಲಿ ಹೆಚ್ಚಾಗಿ ಅರೆದ ಬಣ್ಣದ ಪುಡಿ ಇರುವದಿಲ್ಲ; ಎಣ್ಣೆಯಂಥ ದ್ರವದಲ್ಲಿ ಸಂಪೂರ್ಣ ಕರಗಿದ ಬಣ್ಣ ಇರುವದು.

ಕರಗಿದ ಬಣ್ಣಕ್ಕೂ ಪುಡಿಯ ಬಣ್ಣಕ್ಕೂ ಇರುವ ಭೇದವನ್ನು ಗೃಹಿಣಿಯರಿಗೆ ಹೇಳಿಕೊಡಬೇಕಾದ ಕಾರಣವಿಲ್ಲ. ಬಿಳಿಯ ಧೋತರದ ಮೇಲೆ ಅರಿಶಿನದ ಕಲೆ ಬಿದ್ದರೆ ತೊಯಿಸಿ ಬಿಸಿಲಿಗೆ ಹರವುತ್ತಾರೆ. ಸಂಜೆಗೆ ಕಲೆ ತಿಳಿಯಾಗಿರುವದು. ಅದೇ ಧೋತರಕ್ಕೆ ಒಲೆಯ ಮಸಿ ಹತ್ತಿದರೆ ತಿಂಗಳುಗಟ್ಟಲೆ ಬಿಸಿಲಿಗಿಟ್ಟರೂ ಹೋಗದು. ಬಾಲ್ ಪೆನ್ನಿನ ಶಾಯಿಯು ಅರಿಶಿನದ ಗುಣದ್ದು. ಅಜ್ಜನವರ ಶಾಯಿಯು ಮಸಿಯ ಗುಣದ್ದು.

ನೀಲಿ ಮತ್ತು ಕಪ್ಪು ಬಾಲ್ ಪೆನ್ನುಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ನೇರಿಳೆಯ ಛಾಯೆಯ ಬಣ್ಣವೊಂದುಂಟು. ಅದಕ್ಕೆ ಕ್ರಿಸ್ಟಲ್ ವಾಯೊಲೆಟ್ ಎನ್ನುವರು. ಬೆಳಕಿಗೆ ಮೊದಲು ಸೋಲುವವುಗಳಲ್ಲಿ ಅದೂ ಒಂದು. ತಾಮ್ರವನ್ನೊಳಗೊಂಡ ಥ್ಯಾಲೊಸಯನಿನ್ ಎಂಬ ಇನ್ನೊಂದು ನೀಲಿಯು ಅದಕ್ಕಿಂತ ಹೆಚ್ಚು ತಾಳುವದು. ಎರಡನ್ನೂ ಕೂಡಿಸಿದ ಪೆನ್ನಿನ ಚಿತ್ರದಲ್ಲಿ ಒಂದು ಮಾಸಿ ಇನ್ನೊಂದು ಉಳಿದಾಗ ಗೆರೆಯ ಬಣ್ಣವೇ ಬದಲಾಗುವದು. ಕಪ್ಪು ಪೆನ್ನೂ ಹಲವು ಬಣ್ಣಗಳನ್ನು ಕೂಡಿಸಿ ಮಾಡಿದ್ದಾಗಿದ್ದರೆ ಮಾಸುವಾಗ ಕಂದಿಗೋ ನೇರಿಳೆಗೋ ತಿರುಗಬಹುದು. ಕೆಂಪು ಶಾಯಿಯು ಸಾಮಾನ್ಯವಾಗಿ ಎಲ್ಲಕ್ಕಿಂತ ಬೇಗ ಓಡಿಹೋಗುವದು. ಹೀಗಿರುವದರಿಂದ ಗೋಡೆಗೆ ಹಾಕುವ ಚಿತ್ರದಲ್ಲಿ ಕೆಂಪನ್ನು ನಂಬಬಾರದು.

ಹಾಗಾದರೆ ಈ ಪೆನ್ನೇಕೆ?

"ಇಷ್ಟು ದೋಷವಿದ್ದ ಪೆನ್ನಿನಿಂದ ಚಿತ್ರವನ್ನೇಕೆ ತೆಗೆಯಬೇಕು?" ಎಂದು ಯಾರಾದರೂ ಕೇಳಬಹುದು. ಮೊದಲು ಇದರ ಕುಲಗೋತ್ರವನ್ನು ಎರಡು ಮಾತಿನಲ್ಲಿ ಹೇಳುವೆನು. 1888ರಲ್ಲಿ ಅಮೇರಿಕದ ಜಾನ್ ಲೌಡ್ ಎಂಬವನು ತೊಗಲಿನಂಥ ಒರಟು ವಸ್ತುಗಳ ಮೇಲೆ ಗುರುತು ಹಾಕಲೆಂದು ಗುಂಡಿನ ಪೆನ್ನಿಗೆ ಹಕ್ಕುಪತ್ರ ಪಡೆದನು; ಅದು ಕಾಗದಕ್ಕೆ ಒಗ್ಗಲಿಲ್ಲ. ಹಂಗೇರಿ ದೇಶದ ಪತ್ರಿಕೋದ್ಯೋಗಿ ಲಾಸ್ಲೋ ಬಿರೋ ಎಂಬವನು ವರ್ತಮಾನಪತ್ರದ ಮುದ್ರಣದ ಶಾಯಿ ಬೇಗ ಒಣಗುವದನ್ನು ಕಂಡು, ರಸಾಯನ ಬಲ್ಲ ತನ್ನ ಸೋದರನೊಡನೆ ಕೂಡಿ ಮಂದವಾದ ಶಾಯಿಯನ್ನು ಸಾಧಿಸಿ, 1938ರಲ್ಲಿ ಹಕ್ಕುಪತ್ರಕ್ಕೆ ಅರ್ಜಿ ಹಾಕಿದನು. ಬಿರೋ ತಾನೂ ಚಿತ್ರಕಾರನೇ ಆಗಿದ್ದನೆಂಬದು ನೆನಪಿಡತಕ್ಕ ಸಂಗತಿ. 1945ರ ಅಕ್ಟೋಬರದಲ್ಲಿ ನ್ಯೂಯಾರ್ಕಿನ ಅಂಗಡಿಯೊಂದರಲ್ಲಿ ಇಂಥ ಪೆನ್ನು ಹನ್ನೆರಡೂವರೆ ಡಾಲರಿಗೆ ಮಾರಾಟವಾಯಿತು. ಇಂದು ನಮ್ಮ ಸಂತೆಯಲ್ಲಿ ಅದು ಚಹದ ಬೆಲೆಗೆ ಸಿಕ್ಕುವದು. ನಾವು ಸಾಲೆಯಲ್ಲಿದ್ದಾಗ ಅಕ್ಷರ ಕೆಡುವದೆಂದು ಗುರುಗಳು ಅದನ್ನು ಮುಟ್ಟಗೊಡುತ್ತಿರಲಿಲ್ಲ.

ಚಿತ್ರಕ್ಕೆ ಇದರ ದೊಡ್ಡ ಗುಣವೇನಂದರೆ, ಇದು ಕೈಯ ಭಾರವನ್ನು ಅರಿಯುವದು. ಸೋಕಿಸಿದರೆ ಸೀಸಕಡ್ಡಿಯ ಹಾಗೆ ತೆಳ್ಳನೆಯ ಬೂದುಗೆರೆ, ಒತ್ತಿದರೆ ಗಾಢವಾದ ಗೆರೆ. ಜಪಾನಿನ ಸಕುರಾ ಸಂಸ್ಥೆಯು 1984ರಲ್ಲಿ ಹೊರತಂದ ಜೆಲ್ ಶಾಯಿಯ ಪೆನ್ನಿಗೆ ಈ ವಿವೇಕವಿಲ್ಲ. ಅದು ಹಗುರಾಗಿ ಮುಟ್ಟಿದರೂ ಅಷ್ಟೇ ಕಪ್ಪು, ಒತ್ತಿದರೂ ಅಷ್ಟೇ ಕಪ್ಪು. ಮುಪ್ಪಿನವರ ಕೆನ್ನೆಯ ನೆರಿಗೆಯನ್ನು ತೋರಿಸಬೇಕಾದರೆ ಬಾಲ್ ಪೆನ್ನಿನಷ್ಟು ಅಗ್ಗದ, ಅನುಕೂಲದ ಸಾಧನ ಇನ್ನೊಂದಿಲ್ಲ. ಇಟಲಿಯ ಅಲಿಗಿಯೆರೋ ಬೊಯೆಟ್ಟಿಯು 1970ರ ದಶಕದಲ್ಲಿ ದೊಡ್ಡ ದೊಡ್ಡ ಹಾಳೆಗಳನ್ನು ಬಾಲ್ ಪೆನ್ನಿನ ಗೆರೆಗಳಿಂದ ತುಂಬಿಸಿ ಪ್ರಸಿದ್ಧನಾದನು. ಕೊರಿಯದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ನೆಲೆಸಿದ ಇಲ್ ಲೀ ಎಂಬವರು ಈ ಪೆನ್ನಿನ ಚಿತ್ರಗಳಿಂದಲೇ ಹೆಸರಾದರು. ಹೀಗಾಗಿ ಇದನ್ನು ಹುಡುಗರ ಆಟಿಗೆಯೆಂದು ಹಗುರಾಗಿ ಕಾಣುವ ಕಾರಣವಿಲ್ಲ.

ಅಂಗಡಿಯಲ್ಲಿ ಆರಿಸುವ ಬಗೆ

ಪೆನ್ನಿನ ಮೇಲೆ 0.5, 0.7, 1.0 ಎಂದು ಬರೆದಿರುವದು ಗುಂಡಿನ ಅಳತೆ, ಮಿಲಿಮೀಟರಿನಲ್ಲಿ. ಗೆರೆಯ ಅಗಲವು ಅದರ ಅರ್ಧದ ಆಸುಪಾಸಿನಲ್ಲಿರುವದು. 0.7ರ ಪೆನ್ನು ಹೆಚ್ಚಿನ ಕೆಲಸಕ್ಕೆಲ್ಲ ಸಾಕು. ಮೊದಲು ಅದನ್ನೇ ಕೊಳ್ಳಿರಿ. ಕಿತ್ತೂರಿನ ಕೋಟೆಯಲ್ಲಿ ಹಾಳುಬಿದ್ದ ಅರಮನೆಯ ಗೋಡೆ, ಬೈಲಹೊಂಗಲದ ಸುತ್ತಲೂ ಬೇಸಿಗೆಯಲ್ಲಿ ಬಿರಿದ ಎರೆಭೂಮಿ, ಸೊಗಲದಲ್ಲಿ ನೀರು ಧುಮುಕುವ ಬಂಡೆ, ಇಂಥ ಒರಟು ಮೈಯುಳ್ಳವುಗಳಿಗೆ 1.0ರ ಪೆನ್ನು ಒಳ್ಳೆಯದು. ಸವದತ್ತಿಯ ಹತ್ತಿರದ ಹೂಲಿಯ ಪಂಚಲಿಂಗೇಶ್ವರ ಗುಡಿಯ ಕಂಬಗಳ ಕೆತ್ತನೆಗೆ, ಮನುಷ್ಯರ ಕಣ್ಣುರೆಪ್ಪೆಗೆ, ಇಳಕಲ್ಲ ಸೀರೆಯ ಸೆರಗಿಗೆ 0.5ರದು ಬೇಕಾಗುವದು.

ಅಂಗಡಿಯವರ ಮುಂದೆ ಹೆಸರು ಬರೆದು ನೋಡಿದರೆ ಪ್ರಯೋಜನವಿಲ್ಲ. ಎಲ್ಲ ಪೆನ್ನೂ ಹೆಸರು ಬರೆಯುವದು. ಒಂದು ತುಂಡು ಕಾಗದದ ಮೇಲೆ ಮೂರು ಪರೀಕ್ಷೆ ಮಾಡಿರಿ. ಮೊದಲನೆಯದು, ಪೆನ್ನಿನ ಭಾರವಷ್ಟೇ ಬೀಳುವಂತೆ ಕೈಯನ್ನು ಸಡಿಲಬಿಟ್ಟು ಗೆರೆ ಎಳೆಯುವದು. ಗೆರೆ ನಡುವೆ ಕಡಿಯದೆ ತೆಳ್ಳಗೆ ಬಂದರೆ ಅದು ಚಿತ್ರಕ್ಕೆ ತಕ್ಕ ಪೆನ್ನು. ಎರಡನೆಯದು, ಅದೇ ಗೆರೆಯನ್ನು ಬರಬರುತ್ತ ಒತ್ತುತ್ತ ಹೋಗುವದು. ಬೂದುಬಣ್ಣದಿಂದ ಗಾಢಕ್ಕೆ ಮೆಟ್ಟಲು ಮೆಟ್ಟಲಾಗಿ ಏರಬೇಕು. ಮೂರನೆಯದು, ಸಣ್ಣ ಸುತ್ತುಗಳನ್ನು ಬೇಗ ಬೇಗ ಹಾಕುವದು. ತಿರುವುಗಳಲ್ಲಿ ಶಾಯಿಯ ಗಡ್ಡೆ ಉದುರಿದರೆ ಆ ಪೆನ್ನನ್ನು ಬಿಡಿರಿ. ಎಣ್ಣೆ ಹಚ್ಚಿದಂತೆ ಜಾರುವ, ಮುಟ್ಟಿದ ಕೂಡಲೆ ಕಪ್ಪಾಗಿ ಬರೆಯುವ ಹೊಸ ತರದ ಪೆನ್ನುಗಳು ಈಗ ಬಹಳ ಬಂದಿವೆ. ಅವು ಪರೀಕ್ಷೆ ಬರೆಯುವವರಿಗೆ ಅನುಕೂಲ. ನೆರಳನ್ನು ಮೆಲ್ಲಗೆ ಕಟ್ಟಬೇಕಾದ ಚಿತ್ರಕ್ಕೆ ಹಳೆಯ ಮಂದಶಾಯಿಯ ಪೆನ್ನೇ ಮೇಲು.

ಕೆಲವು ರಿಫಿಲ್ಲುಗಳ ಮೇಲೆ "ಐ.ಎಸ್.ಓ. 12757-2" ಎಂಬ ಗುರುತು ಇರುವದು. ದಸ್ತೈವಜಿಗೆ ತಕ್ಕ ಬಾಲ್ ಪೆನ್ನೆಂದು ಅದರ ಅರ್ಥ. ಅಳಿಸುವಿಕೆ, ನೀರು, ಮದ್ಯಸಾರ, ಬೆಳಕು ಮೊದಲಾದವುಗಳಿಗೆ ಅದು ಎಷ್ಟು ತಾಳುವದೆಂದು ನೋಡಿರುತ್ತಾರೆ. ಸಿಕ್ಕಿದರೆ ಅದನ್ನೇ ಕೊಳ್ಳಿರಿ. ಆದರೆ ಮುಚ್ಚಿಟ್ಟ ದಸ್ತೈವಜಿಗೆ ಸಾಕಾದದ್ದು ಬಿಸಿಲಿನಲ್ಲಿ ತೂಗಾಡುವ ಚಿತ್ರಕ್ಕೆ ಸಾಕೆಂದು ತಿಳಿಯಬಾರದು.

ಹಾಳೆ ಮತ್ತು ಕೈ

ಮದುವೆಯ ಲಗ್ನಪತ್ರಿಕೆಯ ಹಿಂಬದಿಯು ಹುಡುಗರಿಗೆ ಪ್ರಿಯವಾದದ್ದು. ಆದರೆ ಮಿರುಗುವ ಮೈಯ ಮೇಲೆ ಶಾಯಿ ಬೇಗ ಒಣಗದೆ ಅಂಗೈಗೆ ಹತ್ತುವದು. ವರ್ತಮಾನಪತ್ರದ ಜಾತಿಯ ಕಾಗದವು ತಾನೇ ಹಳದಿಯಾಗುವದು. ನುಣುಪಾದ, ದಪ್ಪನ್ನ, ಆಮ್ಲವಿಲ್ಲದ ಚಿತ್ರದ ಹಾಳೆಯು ಉತ್ತಮ. ಕೆಳಗೆ ಮೂರು ನಾಲ್ಕು ಹಾಳೆಗಳ ಮೆತ್ತೆ ಇದ್ದರೆ ಗಾಢವಾದ ನೆರಳು ಚೆನ್ನಾಗಿ ಕೂಡುವದು.

ಈ ಗೆರೆಯನ್ನು ರಬ್ಬರಿನಿಂದ ಅಳಿಸಲಾಗದು. ಆದುದರಿಂದ ಬೆಳಕಿನಿಂದ ಕತ್ತಲೆಯ ಕಡೆಗೆ ಹೋಗಬೇಕು. ನೇಕಾರರ ಮನೆಯ ಹುಡುಗನಿಗೆ ಇದನ್ನು ಬೇಗ ತಿಳಿಸಬಹುದು. ಮೊದಲು ಹಾಸಿನ ಎಳೆಗಳಂತೆ ಒಂದೇ ದಿಕ್ಕಿಗೆ ತೆಳ್ಳನೆಯ ಗೆರೆಗಳು; ಅವುಗಳ ಮೇಲೆ ಹೊಕ್ಕಿನಂತೆ ಅಡ್ಡಗೆರೆಗಳು; ಇನ್ನೂ ಗಾಢ ಬೇಕಾದಲ್ಲಿ ಓರೆಗೆರೆಗಳು. ಎಳೆ ಒತ್ತಾದಂತೆ ಬಟ್ಟೆ ದಟ್ಟವಾಗುವ ಹಾಗೆ ನೆರಳೂ ದಟ್ಟವಾಗುವದು. ಹತ್ತಾರು ಗೆರೆಗೊಮ್ಮೆ ಪೆನ್ನಿನ ಮೊನೆಯನ್ನು ಹತ್ತಿಯ ಅರಿವೆಯ ಮೇಲೆ ತಿರುವಿ ಒರಸಬೇಕು, ಗಡ್ಡೆ ಕೂಡುವದಿಲ್ಲ. ಅಂಗೈಯ ಕೆಳಗೆ ಬೇರೊಂದು ಕಾಗದವಿರಲಿ. ಚೈತ್ರ ವೈಶಾಖದ ಸೆಕೆಗೆ ಶಾಯಿಯು ತೆಳ್ಳಗಾಗಿ ಹೆಚ್ಚು ಹರಿಯುವದು, ಚಳಿಗಾಲದ ಮುಂಜಾನೆ ಬಿಗಿದು ಗೆರೆ ಕಡಿಯುವದು. ಎರಡೂ ಕಾಲಗಳಲ್ಲಿ ಚಿತ್ರಕ್ಕೆ ಕೂಡ್ರುವ ಮೊದಲು ಬೇರೆ ಕಾಗದದ ಮೇಲೆ ಪೆನ್ನನ್ನು ಸ್ವಲ್ಪ ಓಡಿಸಿ ನೋಡುವದು ಒಳ್ಳೆಯದು.

ಬಿಸಿಲಿನ ಪರೀಕ್ಷೆ

ಪೆನ್ನಿನ ಮೇಲಿನ ಬರವಣಿಗೆಗಿಂತ ನಮ್ಮ ಅಂಗಳದ ಬಿಸಿಲು ಹೆಚ್ಚು ಪ್ರಾಮಾಣಿಕ. ಹೋಳಿಹುಣ್ಣಿಮೆಯ ದಿವಸ ಒಂದು ಉದ್ದನ್ನ ಕಾಗದದ ಮೇಲೆ ಮನೆಯಲ್ಲಿರುವ ಎಲ್ಲ ಪೆನ್ನುಗಳಿಂದಲೂ ಎರಡೆರಡು ಬೆರಳಗಲದ ಗೆರೆಪಟ್ಟಿಗಳನ್ನು ಹಾಕಿರಿ; ಒಂದೊಂದು ಪಟ್ಟಿಯಲ್ಲೂ ಅರ್ಧ ತೆಳುವು, ಅರ್ಧ ಗಾಢ. ಪಟ್ಟಿಯ ಎರಡೂ ಕೊನೆಗಳ ಹಿಂಬದಿಗೆ ಸೀಸಕಡ್ಡಿಯಿಂದ ಪೆನ್ನಿನ ಹೆಸರು ಬರೆದು, ಕಾಗದವನ್ನು ಉದ್ದಕ್ಕೆ ಎರಡಾಗಿ ಕತ್ತರಿಸಿರಿ. ಒಂದು ಹೋಳನ್ನು ದಪ್ಪ ಪುಸ್ತಕದಲ್ಲಿ ಮುಚ್ಚಿಡಿರಿ. ಇನ್ನೊಂದನ್ನು ಬಿಸಿಲು ಚೆನ್ನಾಗಿ ಬೀಳುವ ಕಿಟಕಿಯ ಗಾಜಿಗೆ ಒಳಗಡೆಯಿಂದ, ಗೆರೆಗಳು ಹೊರಗೆ ಮುಖ ಮಾಡಿರುವಂತೆ ಅಂಟಿಸಿರಿ. ಕಾರಹುಣ್ಣಿಮೆಗೆ, ಎಂದರೆ ಮೂರು ತಿಂಗಳಿಗೆ, ಎರಡನ್ನೂ ಜೋಡಿಸಿ ನೋಡಿರಿ. ಯಾವ ಪೆನ್ನು ನಿಂತಿತು, ಯಾವದು ಓಡಿತು ಎಂಬದನ್ನು ಆ ಕಾಗದವೇ ಹೇಳುವದು. ನಮ್ಮ ಮನೆಯಲ್ಲಿ ಈ ಪರೀಕ್ಷೆ ಮಾಡಿದಾಗ ತೆಳುಗೆರೆಗಳು ಮೊದಲು ಹೋದವು, ಒತ್ತಿದ ಗೆರೆಗಳು ತಡೆದವು. ತಾಯಿಯವರ ಚಿತ್ರದಲ್ಲಿ ಕೆನ್ನೆ ಮಾಯವಾಗಿ ಕಣ್ಣಿನ ಗುರುತು ಮಾತ್ರ ಏಕೆ ಉಳಿಯಿತೆಂಬದು ಆಗ ತಿಳಿಯಿತು.

ಚಿತ್ರವನ್ನು ಕಾಯುವದರಲ್ಲಿ ಇನ್ನೆರಡು ಎಚ್ಚರಗಳು. ಪೀ.ವಿ.ಸಿ. ಎಂಬ ಮೆತ್ತನ್ನ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟರೆ ಅದು ಶಾಯಿಯನ್ನು ತನ್ನ ಮೈಗೆ ಎಳೆದುಕೊಳ್ಳುವದು. ಕಾಗದದ ನಡುವೆಯೇ ಇಡಿರಿ. ಕೈಗೆ ಹಚ್ಚುವ ಸ್ಯಾನಿಟೈಜರಿನ ಮದ್ಯಸಾರಕ್ಕೆ ಈ ಶಾಯಿ ಕರಗುವದು. ಒದ್ದೆಯ ಕೈಯಿಂದ ಮುಟ್ಟಬೇಡಿರಿ.

ಸೋದರಿಯವರಿಗೆ ಉತ್ತರ

ತಾಯಿ, ಮಗನಿಗೆ ಕಪ್ಪು ಅಥವಾ ನೀಲಿಯ 0.7ರ ಪೆನ್ನುಗಳನ್ನು ಎರಡು ಮೂರು ತರದವು ಕೊಡಿಸಿರಿ. ಇದಕ್ಕೆ ಬಹಳ ಖರ್ಚಿಲ್ಲ. ಆದರೆ ಪರೀಕ್ಷೆಯ ಮೂರು ತಿಂಗಳು ಮುಗಿಯಲೆಂದು ಚಿತ್ರವನ್ನು ತಡೆಯಬೇಡಿರಿ. ಎಂಬತ್ತು ದಾಟಿದವರನ್ನು ಕಾಯಿಸಬಾರದು. ಈ ವಾರವೇ ಅಜ್ಜಿಯನ್ನು ಬೆಳಕಿನ ಕಡೆಗೆ ಮುಖ ಮಾಡಿ ಕೂಡ್ರಿಸಿ, ಮೊಮ್ಮಗನನ್ನು ಎದುರಿಗೆ ಕೂಡ್ರಿಸಿರಿ. ಒಂದಲ್ಲ, ಎರಡು ಚಿತ್ರ ತೆಗೆಯಲಿ. ಚೆನ್ನಾಗಿ ಬಂದದ್ದನ್ನು ಗೋಡೆಗೆ ಹಾಕುವದು ಎಲ್ಲರ ವಾಡಿಕೆ. ನೀವು ಅದನ್ನು ಟ್ರಂಕಿನಲ್ಲಿ ಇಡಿರಿ. ಗೋಡೆಗೆ ಎರಡನೆಯದನ್ನು, ಇಲ್ಲವೆ ಒಳ್ಳೆಯದರ ನೆರಳುಪ್ರತಿಯನ್ನು ಹಾಕಿರಿ, ಅದೂ ಬಾಗಿಲಿನ ಬಿಸಿಲು ತಾಗದ ಗೋಡೆಗೆ. ಪರೀಕ್ಷೆಯಲ್ಲಿ ಗೆದ್ದ ಪೆನ್ನಿನಿಂದ ಕಾರಹುಣ್ಣಿಮೆಯ ಮೇಲೆ ಮೂರನೆಯದೊಂದನ್ನು ತೆಗೆಯಬಹುದು.

ನಮ್ಮ ತಾಯಿಯವರ ಉಳಿದ ಚಿತ್ರವು, ತಮ್ಮನಿಗೆ ಮನಸ್ಸಿಗೆ ಬಾರದ ಆ ಮೊದಲನೆಯದು, ಇಂದಿಗೂ ಅಜ್ಜನ ಕಿರ್ದಿಯಲ್ಲಿಯೇ ಇದೆ. ವರ್ಷಕ್ಕೊಮ್ಮೆ ಅವರ ತಿಥಿಯ ದಿವಸ ಹೊರಗೆ ತೆಗೆದು ಮಕ್ಕಳಿಗೆ ತೋರಿಸಿ, ಸಂಜೆಗೆ ಮತ್ತೆ ಮುಚ್ಚಿಡುವೆವು. ಮೂಗು ತುಸು ಸೊಟ್ಟಗಿದೆ. ಮೊರದಲ್ಲಿಯ ಜೋಳವನ್ನು ಮಾತ್ರ ಒಂದೊಂದಾಗಿ ಎಣಿಸಬಹುದು.

ಬಿಸಿಲಿನ ಪರೀಕ್ಷೆ ಮಾಡಿದ ವಾಚಕರು ತಮ್ಮ ಕಾಗದದ ಹೋಳುಗಳಲ್ಲಿ ಕಂಡದ್ದನ್ನು ನಮಗೆ ಬರೆದು ತಿಳಿಸಬೇಕು. ಬಂದ ಸಂಗತಿಗಳನ್ನು ಶ್ರಾವಣದ ಸಂಚಿಕೆಯಲ್ಲಿ ಇದೇ ಪುಟದಲ್ಲಿ ಕೊಡುವೆವು.